ಏಳು ತಿಂಗಳ ಪಥ್ಯ, ಕಾಲು ಬಟ್ಟಲು ಹಿತಕಿದ ಬೇಳೆ

ಈ ಸದ್ದು ಕೇಳಿಸ್ತಾ ಇದೆಯಾ? ಟಪ್, ಟಪ್ ಅಂತ. ನಮ್ಮಮ್ಮ ಅವರೆಕಾಳು ಹಿತಕ್ತಾ ಇದಾರೆ. ರಾತ್ರಿಯೆಲ್ಲ ನೆನೆದ ಕಾಳು. ಹೆಬ್ಬೆರಳು, ತೋರುಬೆರಳಿನ ಮಧ್ಯೆ ಇಟ್ಟು ಒಂದು ಸಲ ಒತ್ತಿದ್ರೆ ಸಿಪ್ಪೆ ಕೈಯಲ್ಲಿ, ಬೇಳೆ ಬೇಸಿನ್ನಲ್ಲಿ. ಗುರಿ ತಪ್ಪಿದ್ದು ಒಂದೆರಡು ನನ್ನ ಫೋನಿಗೂ ಹಾರಿದಾವೆ, ಈ ವಿಡಿಯೋ ಮೂಲೇಲಿ ಮಸುಕಾಗಿ ಕಾಣ್ತಾ ಇರೋದು ಅದೇ ಸಿಡಿದ ನೀರು. ಕೋಲಾರದಲ್ಲಿ ಜನವರಿ ಅಂದ್ರೆ ಮನೆಮನೆಯಲ್ಲೂ ಈ ಸದ್ದು, ಕೈಗೆ ಅಂಟಿಕೊಳ್ಳೋ ಆ ಸೊಗಡು.

ನಾನು ಇವತ್ತು ಇದನ್ನ ಒಂದು ಚಮಚ ತಿಂತೀನಿ. ಎಣಿಸಿ, ಅಳೆದು, ಒಂದೇ ಚಮಚ. ನಗಬೇಡಿ. ಹೊಟ್ಟೆ ಕಾಯಿಲೆಗೆ ಅಂತ ಬಿಟ್ಟಿದ್ದನ್ನೆಲ್ಲ ಈಗ ಒಂದೊಂದಾಗಿ ತಿಂದು ನೋಡ್ತಾ ಇದೀನಿ.

ನಾನು ಟೊಮ್ಯಾಟೊ ಮಂಡೀಲಿ ಲೆಕ್ಕ ಬರೆಯೋನು. ಬೆಳಿಗ್ಗೆ ಹರಾಜು ಶುರುವಾದ್ರೆ ಜಾಗ ಬಿಟ್ಟು ಅಲ್ಲಾಡೋ ಹಾಗಿಲ್ಲ. 2023ರ ಜುಲೈ ನೆನಪಿದೆಯಲ್ಲ, 15 ಕೆ.ಜಿ. ಬಾಕ್ಸು ಎರಡು ಸಾವಿರ ದಾಟಿತ್ತು, ಟೊಮ್ಯಾಟೊಗೆ ಜನ ರಾತ್ರಿ ಕಾವಲು ಕೂತಿದ್ರು. ಊರಿಗೆಲ್ಲ ಹಬ್ಬ, ನನಗೆ ಮಾತ್ರ ನರಕ. ಹರಾಜಿನವರು ರೇಟ್ ಕೂಗ್ತಾ ಇದ್ರೆ ನನ್ನ ಹೊಟ್ಟೇಲಿ ಬೇರೆ ಹರಾಜು ನಡೀತಿತ್ತು. ಊದಿಕೊಳ್ಳೋದು, ನುಲಿಯೋದು, ಓಡೋದು. ಎಲ್ಲೇ ಹೋದ್ರೂ ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ನೋಡ್ಕೊಳ್ಳೋದು. ಬಸ್ ಹತ್ತಬೇಕು ಅಂದ್ರೆ ಹಿಂದಿನ ದಿನದಿಂದಲೇ ಉಪವಾಸ. ಈ ಕಾಯಿಲೆ ಇರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಡಾಕ್ಟರ್ ರಕ್ತ, ಮಲ ಎಲ್ಲ ಪರೀಕ್ಷೆ ಮಾಡಿಸಿದ್ರು. ಸೀಲಿಯಾಕ್ ಅಂತ ಒಂದು ಕಾಯಿಲೆ ಇದೆ, ಗೋಧಿಯ ಗ್ಲುಟೆನ್‌ನಿಂದ ಕರುಳಿಗೇ ಪೆಟ್ಟು ಬೀಳೋದು. ಉತ್ತರ ಭಾರತದಲ್ಲಿ ಜಾಸ್ತಿ, ನಮ್ಮ ಕಡೆ ಕಡಿಮೆ. ಅದರ ಪರೀಕ್ಷೇನೂ ಆಯ್ತು. ಇಲ್ಲೊಂದು ಮಾತು: ಆ ಪರೀಕ್ಷೆ ಮಾಡಿಸೋಕೆ ಮುಂಚೆ ಗೋಧಿ ಬಿಡಬಾರದು. ಬಿಟ್ಟು ಮಾಡಿಸಿದ್ರೆ ಕಾಯಿಲೆ ಇದ್ರೂ ಇಲ್ಲ ಅಂತ ಬರಬಹುದು. ನಂದು ಎಲ್ಲ ಸರಿಯಾಗಿಯೇ ಬಂತು. ಕೊನೆಗೆ ಐಬಿಎಸ್ ಅಂದ್ರು, ಇರಿಟಬಲ್ ಬವೆಲ್ ಸಿಂಡ್ರೋಮ್ ಅಂತ. ಕರುಳಲ್ಲಿ ಗಾಯ ಇಲ್ಲ, ಹುಣ್ಣು ಇಲ್ಲ, ಆದ್ರೆ ಅದಕ್ಕೆ ಅತಿ ಸೂಕ್ಷ್ಮ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ನನಗೆ ಚಾಕು ಹಾಕಿದಂಗೆ.

ಆಮೇಲೆ ಯಾರೋ ಹೇಳಿದ್ರು ಅಂತ ಡಯಟ್ ಹೇಳೋರ ಹತ್ರ ಹೋದೆ. ಹೆಸರು ಬೇಡ. ಹತ್ತು ನಿಮಿಷ ಮಾತು, ಒಂದು ಜೆರಾಕ್ಸ್ ಪಟ್ಟಿ. 2024ರ ಏಪ್ರಿಲ್ಲು. ಇದೇ ಆ ಪಟ್ಟಿ, ನೋಡಿ, ಮಡಿಕೆ ಮಡಿಕೆಯಾಗಿ ಹರಿದೇ ಹೋಗಿದೆ. ಮೇಲೆ ಬರೆದಿರೋದು ಲೋ ಫಾಡ್‌ಮ್ಯಾಪ್, ಅಂದ್ರೆ ಹೊಟ್ಟೇಲಿ ಗ್ಯಾಸ್ ಎಬ್ಬಿಸೋ ಕೆಲವು ಬಗೆ ಸಕ್ಕರೆ ಕಮ್ಮಿ ಇರೋ ಊಟ. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಗೋಧಿ ಇಲ್ಲ, ಹಾಲು ಇಲ್ಲ, ಕಾಳು ಬೇಳೆ ಇಲ್ಲ, ಮಾವು ಇಲ್ಲ. ಹಾಲಿನ ಡೇರಿ ಇಲ್ಲದ ಹಳ್ಳಿ ನಮ್ಮ ಜಿಲ್ಲೇಲಿ ಹುಡುಕಬೇಕು. ಮಾವು ಅಂದ್ರೆ ಶ್ರೀನಿವಾಸಪುರ, ಚಳಿ ಬಿದ್ರೆ ಅವರೆ. ಈ ಪಟ್ಟಿ ಮಾಡಿದೋರು ನಮ್ಮ ಜಿಲ್ಲೆ ಮೇಲೆ ಏನಾದ್ರೂ ದ್ವೇಷ ಇಟ್ಕೊಂಡಿದ್ರಾ ಅನ್ನಿಸ್ತು.

ಪಟ್ಟಿ ಹುಟ್ಟಿದ್ದು ಆಸ್ಟ್ರೇಲಿಯಾದ ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದಲ್ಲಂತೆ. ಫಾಡ್‌ಮ್ಯಾಪ್ ಅನ್ನೋ ಹೆಸರು ಮೊದಲು ಅಚ್ಚಾಗಿದ್ದು 2005ರಲ್ಲಿ. ವಿಷಯ ಇಷ್ಟೇ: ಕೆಲವು ಬಗೆ ಸಕ್ಕರೆ ಸಣ್ಣ ಕರುಳಲ್ಲಿ ಪೂರ್ತಿ ಹೀರಿಕೊಳ್ಳಲ್ಲ. ಹಾಲಿನ ಲ್ಯಾಕ್ಟೋಸು, ಮಾವಿನ ಫ್ರಕ್ಟೋಸು, ಈರುಳ್ಳಿ, ಬೆಳ್ಳುಳ್ಳಿ, ಗೋಧಿಯ ಫ್ರಕ್ಟಾನು, ಕಾಳುಗಳ ಇನ್ನೊಂದು ಜಾತಿ. ಅವು ನೀರು ಎಳ್ಕೊಂಡು ದೊಡ್ಡ ಕರುಳಿಗೆ ಇಳೀತಾವೆ, ಅಲ್ಲಿ ಬ್ಯಾಕ್ಟೀರಿಯಾ ಹುದುಗು ಬರಿಸ್ತಾವೆ. ದೋಸೆ ಹಿಟ್ಟು ಉಕ್ಕಿ ಪಾತ್ರೆಯಿಂದ ಸುರಿಯೋದು ನೋಡಿದೀರಲ್ಲ, ಅದೇ ಒಳಗೆ.

ಮೂರೇ ವಾರಕ್ಕೆ ಹೊಟ್ಟೆ ತಣ್ಣಗಾಯ್ತು. ನಿಜ ಹೇಳ್ತೀನಿ, ಅತ್ತುಬಿಟ್ಟೆ. ಮುದ್ದೆ, ಅನ್ನ, ಇಂಗು ಹಾಕಿದ ಟೊಮ್ಯಾಟೊ ಗೊಜ್ಜು, ಕುಂಬಳಕಾಯಿ, ಮೊಟ್ಟೆ. ಬೆಳ್ಳುಳ್ಳಿಗೆ ಒಂದು ಉಪಾಯ ಸಿಕ್ತು: ಅದರ ಸಕ್ಕರೆ ನೀರಲ್ಲಿ ಕರಗುತ್ತೆ, ಎಣ್ಣೇಲಿ ಕರಗಲ್ಲ. ಎಸಳನ್ನ ಎಣ್ಣೇಲಿ ಬಾಡಿಸಿ ತೆಗೆದು ಹಾಕಿದ್ರೆ ಘಮ ಮಾತ್ರ ಉಳಿಯುತ್ತೆ. ಅದೇ ಲೆಕ್ಕದಲ್ಲಿ ನಮ್ಮ ಬಸ್ಸಾರು ನನಗೆ ಶತ್ರು. ಕಾಳು ಬೇಯಿಸಿ ಬಸಿದ ಕಟ್ಟಲ್ಲೇ ಆ ಸಕ್ಕರೆ ಇಳಿದಿರುತ್ತಲ್ಲ, ನಾವು ಅದನ್ನೇ ಸಾರು ಮಾಡಿ ಮುದ್ದೆ ಅದ್ದೋದು!

ಮೇ ತಿಂಗಳಲ್ಲಿ ಮಾವನ ಮನೆಯಿಂದ, ಶ್ರೀನಿವಾಸಪುರದಿಂದ, ಒಂದು ಬಾಕ್ಸ್ ರಸಪುರಿ ಬಂತು. ಮನೆಯೆಲ್ಲ ಘಮ್ ಅಂತ. ನಾನು ಮುಟ್ಟಲಿಲ್ಲ. ಮಾವ ಫೋನ್ ಮಾಡಿ, "ಹಣ್ಣು ಹುಳಿ ಇತ್ತಾ ಅಳಿಯಂದ್ರೆ?" ಅಂತ ಕೇಳಿದ್ರು. ಇನ್ನೇನು ಹೇಳ್ಲಿ.

ಪಟ್ಟಿ ಎಷ್ಟು ದಿನ ಅಂತ ನನಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಲಿಲ್ಲ. ನೋವು ಹೋದ ಮೇಲೆ ಯಾರಿಗೆ ಬೇಕು ಆ ಪ್ರಶ್ನೆ? ಜೂನ್ ಆಯ್ತು, ದಸರಾ ಆಯ್ತು. ಮದುವೆ ಮನೆಗಳಿಗೆ ಡಬ್ಬಿ ಕಟ್ಕೊಂಡು ಹೋದೆ, ಆಮೇಲೆ ಹೋಗೋದೇ ಬಿಟ್ಟೆ. ಇಂಗಿನ ಡಬ್ಬಿ ಹಿಂದೆ ಗೋಧಿ ಹಿಟ್ಟು ಅಂತ ಓದಿ ಅದನ್ನೂ ಬಿಟ್ಟೆ. ಪಟ್ಟೀಲಿ ಇಲ್ಲದ್ದನ್ನೂ ಒಂದೊಂದಾಗಿ ಬಿಡ್ತಾ ಬಂದೆ. 68 ಕೆ.ಜಿ. ಇದ್ದೋನು 59ಕ್ಕೆ ಇಳಿದೆ. ಪ್ಯಾಂಟಿಗೆ ಹೊಸ ತೂತು ಹೊಡೆದ ಬೆಲ್ಟು. ಒಂದಿನ ಅಮ್ಮ ತಟ್ಟೆ ಇಡ್ತಾ ಅಂದ್ರು, "ಬಾಣಂತಿ ಪಥ್ಯಕ್ಕೂ ಒಂದು ಕೊನೆ ಇರುತ್ತೆ ಕಣೋ. ನಿಂದು ಯಾವಾಗಪ್ಪ ಮುಗಿಯೋದು?"

ನವೆಂಬರಲ್ಲಿ ಬೆಂಗಳೂರಲ್ಲಿ ಇನ್ನೊಬ್ಬ ಡಯಟೀಶಿಯನ್ ಮೇಡಂನ ಭೇಟಿ ಮಾಡಿದೆ. ಪಟ್ಟಿ ನೋಡಿ, "ಇದು ಎರಡರಿಂದ ಆರು ವಾರದ್ದು. ನೀವು ಏಳು ತಿಂಗಳು ಮಾಡಿದೀರ?" ಅಂದ್ರು. ಬಿಡೋದು ಮೊದಲನೇ ಹಂತ ಅಷ್ಟೇ ಅಂತೆ. ಎರಡನೇದು ಒಂದೊಂದೇ ವಾಪಸ್ ತಂದು ಪರೀಕ್ಷೆ ಮಾಡೋದು, ಮೂರನೇದು ನಮಗೆ ಆಗದ್ದನ್ನ ಮಾತ್ರ ಕಮ್ಮಿ ಮಾಡ್ಕೊಂಡು ಉಳಿದಿದ್ದೆಲ್ಲ ತಿನ್ನೋದು. ಸುಮ್ಮನೆ ಎಲ್ಲ ಬಿಟ್ಟು ಕೂತ್ರೆ ಕರುಳಿನ ಒಳ್ಳೆ ಬ್ಯಾಕ್ಟೀರಿಯಾಗೂ ಊಟ ಇಲ್ಲ, ನಮಗೂ ಇಲ್ಲ. ಇಂಗಿನ ಮಾತಿಗೆ ಜೋರಾಗಿ ನಕ್ಕುಬಿಟ್ರು. "ಚಿಟಿಕೆ ಇಂಗಲ್ಲಿ ಎಷ್ಟು ಹಿಟ್ಟು ಇರುತ್ತೆ ಸರ್? ಸೀಲಿಯಾಕ್ ಇದ್ರೆ ಬೇರೆ ಮಾತು." ತೂಕ ಇಳಿದಿದ್ದಕ್ಕೆ ಮಾತ್ರ ನಗಲಿಲ್ಲ, ಮತ್ತೆ ಡಾಕ್ಟರ್ ಹತ್ರ ಕಳಿಸಿದ್ರು. ಮಲದಲ್ಲಿ ರಕ್ತ, ಜ್ವರ, ಕಾರಣ ಇಲ್ಲದೆ ತೂಕ ಇಳಿಯೋದು, ಇವೆಲ್ಲ ಇದ್ರೆ ಪಥ್ಯ ಮಾಡ್ಕೊಂಡು ಕೂರೋ ಹಾಗಿಲ್ಲ. ನಂದು ಊಟ ಬಿಟ್ಟಿದ್ದಕ್ಕೇ ಇಳಿದಿದ್ದು ಅಂತ ಆಯ್ತು.

ಪರೀಕ್ಷೆ ಹೆಂಗೆ ಅಂದ್ರೆ, ಒಂದು ಸಲಕ್ಕೆ ಒಂದೇ ಪದಾರ್ಥ. ಮೂರು ದಿನ, ದಿನಾ ಸ್ವಲ್ಪ ಜಾಸ್ತಿ. ಆಮೇಲೆ ಎರಡು ಮೂರು ದಿನ ಬಿಡುವು. ಆಗ ಮಿಕ್ಕಿದ್ದೆಲ್ಲ ಹಳೇ ಪಥ್ಯವೇ, ಇಲ್ಲಾಂದ್ರೆ ತಪ್ಪು ಯಾರದ್ದು ಅಂತ ಗೊತ್ತಾಗಲ್ಲ. ನಾನು ಮಂಡಿ ಪುಸ್ತಕದ ಹಾಗೆಯೇ ಗೆರೆ ಹಾಕಿ ಬರೆದಿದೀನಿ. ಆವಕ, ದಿನಾಂಕ, ಷರಾ.

ನಿಜ ಹೇಳ್ಬೇಕಂದ್ರೆ ಎಲ್ಲ ಬಿಡೋದಕ್ಕಿಂತ ಇದೇ ಭಯ. ಮೊದಲನೇ ಚಪಾತಿ ಬಾಯಿಗೆ ಇಡೋವಾಗ ಕೈ ನಡುಗ್ತಾ ಇತ್ತು. ಮೊದಲನೇ ದಿನ ಅರ್ಧ, ಆಮೇಲೆ ಒಂದು, ಆಮೇಲೆ ಎರಡು, ಏನೂ ಆಗಲಿಲ್ಲ. ಏಳು ತಿಂಗಳು ಸುಮ್ಸುಮ್ನೆ ಬಿಟ್ಟಿದ್ದೆ! ಹಾಲು ಕಾಲು ಲೋಟ ನಡೆಯುತ್ತೆ, ಒಂದು ಲೋಟಕ್ಕೆ ಇಲ್ಲ. ಬೆಳಿಗ್ಗೆ ಕಾಫಿ ವಾಪಸ್ ಬಂತು. ಮಜ್ಜಿಗೆಗೆ ತಕರಾರಿಲ್ಲ. ಈರುಳ್ಳಿ ಮಾತ್ರ ಎರಡನೇ ದಿನವೇ ನೆಲಕ್ಕೆ ಕೆಡವಿತು, ಷರಾ ಕಾಲಂನಲ್ಲಿ ಬರೆದಿರೋದನ್ನ ಇಲ್ಲಿ ಓದೋಕಾಗಲ್ಲ.

ಈಗ ಅವರೆ. ನೆನೆದ ನೀರು ಚೆಲ್ಲಿ, ಸಿಪ್ಪೆ ತೆಗೆದು, ಬೇರೆ ನೀರಲ್ಲಿ ಬೇಯಿಸಿದ್ರೆ ಆ ಸಕ್ಕರೆ ಸ್ವಲ್ಪ ಹೋಗುತ್ತೆ. ಹಿತಕೋ ಕೆಲಸದಲ್ಲಿ ಅರ್ಧ ವಿಜ್ಞಾನ ಮೊದಲೇ ಇತ್ತು ಅಂತ ಅಮ್ಮಂಗೆ ಹೇಳಿದೆ. "ಅದಕ್ಕೆ ಬೆಂಗಳೂರಿಗೆ ಹೋಗ್ಬೇಕಾಗಿತ್ತಾ?" ಅಂದ್ರು.

ಮೊದಲನೇ ದಿನ ಒಂದು ಚಮಚ: ಏನಿಲ್ಲ. ಎರಡನೇ ದಿನ ಕಾಲು ಬಟ್ಟಲು: ಸಾಯಂಕಾಲ ಒಂಚೂರು ಗುಡುಗುಡು, ಅಷ್ಟೇ. ಮೂರನೇ ದಿನ ಅರ್ಧ ಬಟ್ಟಲು. ಇಲ್ಲಿ ಕ್ಲಿಪ್ ಇಲ್ಲ, ಯಾಕೆ ಅಂತ ಊಹೆ ಮಾಡ್ಕೊಳ್ಳಿ. ನಾಲ್ಕು ಗಂಟೆಗೆ ಹೊಟ್ಟೆ ಡೋಲು.

ಹಂಗಾಗಿ ನನ್ನ ಪಾಲು ಕಾಲು ಬಟ್ಟಲು. "ಗುಬ್ಬಿ ತಿನ್ನೋವಷ್ಟು" ಅಂತ ಅಮ್ಮ ಗೊಣಗಿದ್ರೂ ಒಂದು ಪುಟ್ಟ ಬಟ್ಟಲು ಹುಡುಕಿ ಇಟ್ಟಿದಾರೆ, ನನ್ನ ನಾಮಕರಣಕ್ಕೆ ಯಾರೋ ಕೊಟ್ಟಿದ್ದಂತೆ. ಸೋಮವಾರದಿಂದ ಬೆಳ್ಳುಳ್ಳಿ. ಮಾವು ಮೇ ತಿಂಗಳಿಗೆ. ಮಾವನಿಗೆ ಈಗಲೇ ಫೋನ್ ಮಾಡಿದೆ, ಈ ಸಲ ಬಾಕ್ಸ್ ಬೇಡ ಮಾವ, ಒಂದೇ ಹಣ್ಣು ಸಾಕು ಅಂತ. ಒಂದೇ ಹಣ್ಣನ್ನ ಹೆಂಗಪ್ಪ ಕಳಿಸೋದು ಅಂತ ಅವರು ಈಗಿಂದಲೇ ಯೋಚನೆ ಮಾಡ್ತಾ ಕೂತಿದಾರೆ.