ಸಿಸಿಲಿಯಾ: ದಪ್ಪ ಪಾದಗಳ ಮೇಲೆ ನಿಂತ ಕೈಬರಹ

ನಮಸ್ಕಾರ. ಇಂದಿನ ಮಾತು ಪಿಎಂಎನ್ ಸಿಸಿಲಿಯಾ ಎಂಬ ಲ್ಯಾಟಿನ್ ಲಿಪಿಯ ಫಾಂಟ್ ಕುರಿತು. ಸ್ಲ್ಯಾಬ್ ಸೆರಿಫ್ ಕುಟುಂಬದಲ್ಲಿ ಇಷ್ಟು ಬಗೆಯ ಕೆಲಸಗಳಿಗೆ ಒದಗುವ ಇನ್ನೊಂದು ಫಾಂಟನ್ನು ನಾನು ಕಂಡಿಲ್ಲ. ಅದರ ದಪ್ಪ ಪಾದಗಳ ಮೇಲೆ ನಿಂತಿರುವುದು ಕೈಬರಹದ ಮೈಕಟ್ಟು; ಅದರ ಗುಟ್ಟೆಲ್ಲ ಅಲ್ಲಿಯೇ ಇದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಅಕ್ಷರದ ಗೆರೆಯ ತುದಿಯಲ್ಲಿ ಅಡ್ಡಲಾಗಿ ಕೂರುವ ಪುಟ್ಟ ಪಟ್ಟಿಯೇ ಸೆರಿಫ್. ಅದು ಹೆಚ್ಚುಕಡಿಮೆ ಗೆರೆಯಷ್ಟೇ ದಪ್ಪವಾಗಿದ್ದರೆ ಸ್ಲ್ಯಾಬ್ ಸೆರಿಫ್. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ಅಚ್ಚುಮೊಳೆ ತಯಾರಕರು ಇಂಥ ಅಕ್ಷರಗಳನ್ನು ಹೊರತಂದಾಗ, ಅವು ಜಾಹೀರಾತುಗಳಲ್ಲಿ ದೂರದಿಂದಲೇ ಕಣ್ಣು ಸೆಳೆಯುವ ಕೆಲಸಕ್ಕೆ ಬಳಕೆಯಾದವು. 1934ರಲ್ಲಿ ಮಾನೊಟೈಪ್ ಸಂಸ್ಥೆ ಪ್ರಕಟಿಸಿದ ಸ್ಲ್ಯಾಬ್ ಫಾಂಟ್ ರಾಕ್‌ವೆಲ್‌ನಲ್ಲಿ ಕೈವಾರ, ಅಳತೆಪಟ್ಟಿಗಳ ಶಿಸ್ತು ಎದ್ದು ಕಾಣುತ್ತದೆ. ಶೀರ್ಷಿಕೆಯಲ್ಲಿ ಅದು ಸೊಗಸು. ಆದರೆ ಪುಟದುದ್ದಕ್ಕೂ ಓದಬೇಕಾಗಿ ಬಂದರೆ ಕಣ್ಣು ದಣಿಯುತ್ತದೆ.

ಡಚ್ ಅಕ್ಷರ ವಿನ್ಯಾಸಕ ಪೀಟರ್ ಮಥಿಯಾಸ್ ನೂರ್ಡ್‌ಜೈ ಸಿಸಿಲಿಯಾದ ಕೆಲಸವನ್ನು ಆರಂಭಿಸಿದ್ದು 1980ರ ದಶಕದಲ್ಲಿ, ಹೇಗ್ ನಗರದ ರಾಯಲ್ ಅಕಾಡೆಮಿಯ ವಿದ್ಯಾರ್ಥಿಯಾಗಿದ್ದಾಗ. ಅಕ್ಷರದ ರೂಪ ಹುಟ್ಟುವುದೇ ಲೇಖನಿಯ ಎಳೆತದಿಂದ ಎಂದು ಪ್ರತಿಪಾದಿಸಿದ ಅವರ ತಂದೆ ಹೆರಿಟ್ ನೂರ್ಡ್‌ಜೈ ಅಲ್ಲಿಯೇ ಅಧ್ಯಾಪಕರಾಗಿದ್ದರು. 1990ರಲ್ಲಿ ಲೈನೊಟೈಪ್ ಸಂಸ್ಥೆ ಪ್ರಕಟಿಸಿದ ಈ ಫಾಂಟ್‌ನಲ್ಲಿ ಆ ಪಾಠದ ಗುರುತುಗಳಿವೆ.

ಚಿಕ್ಕಕ್ಷರಗಳನ್ನು, ಅಂದರೆ o, c, e ಬಗೆಯ ಸಣ್ಣ ರೂಪದ ಅಕ್ಷರಗಳನ್ನು, ಹತ್ತಿರದಿಂದ ನೋಡಿ. ರಾಕ್‌ವೆಲ್‌ನ 'ಓ' ಬಹುತೇಕ ವೃತ್ತವೇ ಆಗಿದ್ದರೆ, ಸಿಸಿಲಿಯಾದ 'ಓ' ತುಸು ನೀಳವಾಗಿದೆ. 'ಸಿ' ಮತ್ತು 'ಇ' ಅಕ್ಷರಗಳ ಬಾಯಿ ಅಗಲವಾಗಿ ತೆರೆದಿರುವುದರಿಂದ, ಅಕ್ಷರದ ಗಾತ್ರ ಕಿರಿದಾದರೂ ಒಂದನ್ನು ಇನ್ನೊಂದೆಂದು ಭ್ರಮಿಸುವ ಅವಕಾಶ ಕಡಿಮೆ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಇದರ ಇಟಾಲಿಕ್. ಅನೇಕ ಸ್ಲ್ಯಾಬ್ ಫಾಂಟ್‌ಗಳಲ್ಲಿ ನೇರ ಅಕ್ಷರವನ್ನೇ ಓರೆಯಾಗಿಸಿ ಇಟಾಲಿಕ್ ಎಂದು ಕರೆಯುವ ರೂಢಿಯಿರುವಾಗ, ನೂರ್ಡ್‌ಜೈ ಓಟದ ಬರಹದ ರೂಪಗಳನ್ನೇ ಬಳಸಿ, ಅಗಲವನ್ನು ಕುಗ್ಗಿಸಿ, ಓರೆಯನ್ನು ಅತ್ಯಲ್ಪಕ್ಕೆ ಇಳಿಸಿದ್ದಾರೆ. ಇಂಥ ಸಂಯಮ ಅಪರೂಪ. ಹಳೆಯ ಶೈಲಿಯ ಅಂಕಿಗಳೂ ಇದರಲ್ಲಿವೆ. ವಾಕ್ಯದ ನಡುವೆ 1984 ಎಂದು ಬಂದರೆ 1 ಚಿಕ್ಕಕ್ಷರದ ಎತ್ತರಕ್ಕೇ ನಿಲ್ಲುತ್ತದೆ, 8 ಮೇಲೇರುತ್ತದೆ, 9 ಮತ್ತು 4 ಸಾಲಿನ ಕೆಳಗಿಳಿಯುತ್ತವೆ. ಹೀಗಾಗಿ ಇಸವಿಯೂ ಪದಗಳ ನಡುವೆ ಪದದಂತೆಯೇ ಕಾಣುತ್ತದೆ.

ಇದರ ಕಠಿಣ ಪರೀಕ್ಷೆ ನಡೆದದ್ದು ಇ-ಪುಸ್ತಕ ಓದುವ ಸಾಧನವಾದ ಕಿಂಡಲ್‌ನಲ್ಲಿ. 2007ರ ಮೊದಲ ಕಿಂಡಲ್‌ನ ಪರದೆಗೆ ಇಂಚಿಗೆ 167 ಪಿಕ್ಸೆಲ್‌ಗಳು ಮತ್ತು ಬೂದುಬಣ್ಣದ 4 ಛಾಯೆಗಳಷ್ಟೇ ಇದ್ದವು. ಪುಸ್ತಕದ ಕಾಗದದ ಮೇಲೆ ಸೊಗಸಾಗಿ ಕಾಣುವ ಕೂದಲೆಳೆಯಂಥ ಗೆರೆಗಳು ಇಂಥ ಪರದೆಯ ಮೇಲೆ ಕಡಿದುಹೋಗುತ್ತವೆ. ಗೆರೆಯ ದಪ್ಪದಲ್ಲಿ ಹೆಚ್ಚು ಏರಿಳಿತವಿಲ್ಲದ ಸಿಸಿಲಿಯಾ ಅಲ್ಲಿ ಗಟ್ಟಿಯಾಗಿ ನಿಂತಿತು. ಅಂಥ ಪರದೆಯನ್ನು ಗಮನದಲ್ಲಿಟ್ಟು ರೂಪಿಸಿದ ಫಾಂಟ್ ಅದಾಗಿರಲಿಲ್ಲ ಎಂಬುದನ್ನು ನೆನೆದರೆ ನನ್ನ ಗೌರವ ಇನ್ನೂ ಹೆಚ್ಚುತ್ತದೆ.

ಭಾರಿ ಪೋಸ್ಟರ್‌ಗೆ ನಾನು ಇಂದಿಗೂ 1845ರ ಕ್ಲಾರೆಂಡನ್ ಎಂಬ ಸ್ಲ್ಯಾಬ್ ಮಾದರಿಯನ್ನೇ ಆರಿಸುತ್ತೇನೆ, ಏಕೆಂದರೆ ಆ ಗತ್ತು ಸಿಸಿಲಿಯಾಕ್ಕೆ ಇಲ್ಲ. ಆದರೆ ದೀರ್ಘ ಲೇಖನ, ಅಡಿಟಿಪ್ಪಣಿ, ಅಂಕಿಅಂಶಗಳ ಕೋಷ್ಟಕ, ಚಿತ್ರದ ಕೆಳಗಿನ ವಿವರಣೆ ಇವೆಲ್ಲವೂ ಒಂದೇ ಪುಸ್ತಕದಲ್ಲಿ ಬರುವುದಾದರೆ, ನಾನು ಮೊದಲು ತೆರೆದು ನೋಡುವುದು ಸಿಸಿಲಿಯಾದ ನಾಲ್ಕು ತೂಕಗಳನ್ನೇ, ಅಂದರೆ ಗೆರೆಯ ದಪ್ಪದ ನಾಲ್ಕು ಬಗೆಗಳನ್ನೇ.