ಅಮೈಡ್ ಮಾಡುವಾಗ ಇಷ್ಟೊಂದು ಕಸ ಯಾಕೆ?

[ತೆರೆಯ ಮೇಲೆ: ಆಮ್ಲ + ಅಮೀನ್ → ಅಮೈಡ್ + ನೀರು]

ಈ ಸಮೀಕರಣ ನೋಡಿ. ಒಂದು ಕಾರ್ಬಾಕ್ಸಿಲಿಕ್ ಆಮ್ಲ, ಒಂದು ಅಮೀನ್ (ನೈಟ್ರೋಜನ್ ಇರುವ ಪ್ರತ್ಯಾಮ್ಲ). ಸೇರಿದರೆ ಅಮೈಡ್, ಜೊತೆಗೆ ಒಂದೇ ಒಂದು ನೀರಿನ ಅಣು. ಪ್ರೋಟೀನ್, ನೈಲಾನ್, ಪ್ಯಾರಾಸಿಟಮಾಲ್, ಪೆನಿಸಿಲಿನ್ ಎಲ್ಲದರಲ್ಲೂ ಇರುವುದು ಇದೇ ಬಂಧ. ಕಾಗದದ ಮೇಲೆ ಎಷ್ಟು ಚೊಕ್ಕಟವಾಗಿದೆ, ಅಲ್ವಾ?

ಆದರೆ 2007ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ವೇದಿಕೆಯೊಂದರಲ್ಲಿ ದೊಡ್ಡ ಔಷಧ ಕಂಪನಿಗಳ ಕೆಮಿಸ್ಟ್‌ಗಳು ಸೇರಿ ಒಂದು ಪಟ್ಟಿ ಮಾಡಿದರು. ಯಾವ ಕ್ರಿಯೆಗಳಿಗೆ ಹಸಿರು ದಾರಿ, ಅಂದರೆ ಕಸ ಮತ್ತು ಹಾನಿ ಕಡಿಮೆ ಇರುವ ದಾರಿ, ತುರ್ತಾಗಿ ಬೇಕು ಅನ್ನುವ ಪಟ್ಟಿ. ಅದರಲ್ಲಿ ಮೊದಲು ಬಂದಿದ್ದು ಅಮೈಡ್ ತಯಾರಿಕೆ.

ಕಾರಣ ಇದು. ಆಮ್ಲವನ್ನೂ ಅಮೀನನ್ನೂ ಸುಮ್ನೆ ಬೆರೆಸಿದರೆ ಸಿಗುವುದು ಅಮೈಡ್ ಅಲ್ಲ, ಲವಣ. ಆಮ್ಲ ತನ್ನ ಪ್ರೋಟಾನನ್ನು ಅಮೀನ್‌ಗೆ ಕೊಟ್ಟುಬಿಡುತ್ತದೆ. ಬಂಧ ಕಟ್ಟಬೇಕಿದ್ದ ಎಲೆಕ್ಟ್ರಾನ್ ಜೋಡಿ ಆ ಪ್ರೋಟಾನ್ ಹಿಡಿದುಕೊಂಡು ಕೂರುತ್ತದೆ. ಲವಣವನ್ನು ಚೆನ್ನಾಗಿ ಕಾಯಿಸಿದರೆ ನೀರು ಬಿಟ್ಟು ಅಮೈಡ್ ಆಗುತ್ತದೆ, ನಿಜ. ನೈಲಾನ್ ಕಾರ್ಖಾನೆಗಳಲ್ಲಿ ನಡೆಯುವುದು ಇದೇ. ಔಷಧದ ನಾಜೂಕು ಅಣುಗಳಿಗೆ ಆ ಬಿಸಿ ತಡೆಯುವುದಿಲ್ಲ.

ಅದಕ್ಕೇ ಕಪಲಿಂಗ್ ರೀಏಜೆಂಟ್, ಅಂದರೆ ಆಮ್ಲವನ್ನು ಚುರುಕುಗೊಳಿಸಿ ಅಮೀನ್‌ಗೆ ಜೋಡಿಸುವ ರಾಸಾಯನಿಕ, ಬೇಕಾಗುತ್ತದೆ. 1955ರಿಂದ ಬಳಕೆಯಲ್ಲಿರುವ ಡಿಸಿಸಿ ಎಂಬ ರೀಏಜೆಂಟನ್ನೇ ತೆಗೆದುಕೊಳ್ಳಿ. ಒಂದು ಲೆಕ್ಕ ಹಾಕೋಣ.

[ತೆರೆಯ ಮೇಲೆ: ತಕ್ಕಡಿ, ಒಂದೊಂದೇ ತೂಕ ಬರುತ್ತದೆ]

ಫೀನೈಲ್ ಅಸಿಟಿಕ್ ಆಮ್ಲ 13.6 ಗ್ರಾಂ. ಬೆಂಜೈಲ್ ಅಮೀನ್ 10.7 ಗ್ರಾಂ. ಎರಡೂ 0.1 ಮೋಲ್. ಪೂರ್ತಿ ಕ್ರಿಯೆ ನಡೆದರೆ ಅಮೈಡ್ 22.5 ಗ್ರಾಂ. ಇದಕ್ಕೆ ಡಿಸಿಸಿ 20.6 ಗ್ರಾಂ ಹಾಕಬೇಕು. ಅದು ಬಿಟ್ಟುಹೋಗುವ ಯೂರಿಯಾ ಜಾತಿಯ ಪುಡಿ 22.4 ಗ್ರಾಂ! ಬೇಕಾದದ್ದು ಎಷ್ಟೋ, ಬೇಡದ್ದೂ ಹೆಚ್ಚುಕಮ್ಮಿ ಅಷ್ಟೇ. ಬಿಳಿ ಪುಡಿಯಾಗಿ ಫ್ಲಾಸ್ಕ್‌ನ ತಳದಲ್ಲಿ ಕೂರುತ್ತದೆ. ಸೋಸಿದರೂ ಸ್ವಲ್ಪ ಉಳಿದು ಕಾಡುತ್ತದೆ. ಸಾಲದ್ದಕ್ಕೆ, ಡಿಸಿಸಿ ಚರ್ಮಕ್ಕೆ ತಾಗಿದರೆ ಜೋರು ಅಲರ್ಜಿ ಬರಿಸಬಲ್ಲದು. ಹ್ಯಾಟು ಅನ್ನುವ ರೀಏಜೆಂಟ್ ಕೆಲಸವನ್ನು ಬೇಗ ಮುಗಿಸುತ್ತದೆ, ಆದರೆ ಇದೇ ಕ್ರಿಯೆಗೆ 38 ಗ್ರಾಂ ಬೇಕು. ಮೇಲೆ ಬೇಸ್ (ಪ್ರತ್ಯಾಮ್ಲ) ಬೇರೆ.

ಈಗ ಇದೇ ಅಮೈಡನ್ನು ಬೋರಿಕ್ ಆಸಿಡ್‌ನಿಂದ ಮಾಡೋಣ. ನನಗೆ ತುಂಬಾ ಇಷ್ಟವಾದ ದಾರಿ ಇದು.

[ದೃಶ್ಯ: ಡೀನ್-ಸ್ಟಾರ್ಕ್ ಉಪಕರಣ, ಹತ್ತಿರದಿಂದ]

ಆಮ್ಲ, ಅಮೀನ್, ಟೊಲ್ಯೂಯಿನ್. ಜೊತೆಗೆ ಕ್ಯಾಟಲಿಸ್ಟ್ ಆಗಿ, ಅಂದರೆ ತಾನು ಖರ್ಚಾಗದೆ ಕ್ರಿಯೆಯನ್ನು ಚುರುಕು ಮಾಡುವ ವಸ್ತುವಾಗಿ, ಬೋರಿಕ್ ಆಸಿಡ್. ಆಮ್ಲದ ಪ್ರತಿ ನೂರು ಅಣುವಿಗೆ ಐದು (5 ಮೋಲ್ ಶೇಕಡಾ), ಅಂದರೆ ಬರೀ 0.3 ಗ್ರಾಂ. ಇದನ್ನು ಕುದಿಸಬೇಕು. ಬೋರಾನ್ ಆಮ್ಲದ ತುದಿಗೆ ಅಂಟಿಕೊಂಡು, ಅಮೀನ್ ಬಂದು ಸೇರುವುದನ್ನು ಸುಲಭ ಮಾಡುತ್ತದೆ. ಬಂಧ ಆದಮೇಲೆ ಬಿಟ್ಟುಕೊಂಡು ಮುಂದಿನ ಅಣುವಿಗೆ ಹೋಗುತ್ತದೆ. ಆವಿಯ ಜೊತೆ ಮೇಲೆ ಹೋದ ನೀರು ತಣ್ಣಗಾಗಿ, ಗೀಟು ಹಾಕಿದ ಪಕ್ಕದ ಕೊಳವೆಗೆ ಬೀಳುತ್ತದೆ. ಟೊಲ್ಯೂಯಿನ್‌ಗಿಂತ ಭಾರ ಇರುವುದರಿಂದ ಹನಿ ಹನಿಯಾಗಿ ತಳ ಸೇರುತ್ತದೆ. 1.8 ಮಿಲಿಲೀಟರ್ ಗೀಟಿನ ಹತ್ತಿರ ಬಂತೆಂದರೆ ಕ್ರಿಯೆ ಹೆಚ್ಚುಕಮ್ಮಿ ಮುಗಿದ ಹಾಗೆ.

ಹಾಗಂತ ಇದರಲ್ಲಿ ದೋಷವೇ ಇಲ್ಲ ಅನ್ನುವಂತಿಲ್ಲ. ಟೊಲ್ಯೂಯಿನ್ ಹಸಿರು ದ್ರಾವಕ ಅಲ್ಲ. ಬೋರಿಕ್ ಆಸಿಡನ್ನೂ ಯುರೋಪಿನಲ್ಲಿ ಸಂತಾನಶಕ್ತಿಗೆ ಹಾನಿಕರ ಎಂದು ಗುರುತಿಸಿದ್ದಾರೆ. ಕುದಿಸುವ ಶಕ್ತಿಯ ಖರ್ಚೂ ಇದೆ. 2008ರಲ್ಲಿ ಕೆನಡಾದ ಡೆನ್ನಿಸ್ ಹಾಲ್ ತಂಡ ಬೋರಿಕ್ ಆಸಿಡ್‌ನ ಸಂಬಂಧಿಯಾದ ಬೋರಾನಿಕ್ ಆಸಿಡ್ ಒಂದನ್ನು ಬಳಸಿ ಕೋಣೆಯ ಬಿಸಿಯಲ್ಲೇ ಅಮೈಡ್ ಮಾಡಿತು. ಆದರೆ ನೀರು ಹೀರಲು ಮಾಲಿಕ್ಯುಲರ್ ಸೀವ್ (ಸಣ್ಣ ರಂಧ್ರಗಳಿರುವ ಹರಳು) ಜಾಸ್ತಿ ಬೇಕಾಯಿತು. ಕ್ಯಾಟಲಿಸ್ಟ್ ಕಡಿಮೆ ಹಾಕಿದರಷ್ಟೇ ಕ್ರಿಯೆ ಹಸಿರಾಗುವುದಿಲ್ಲ. ದ್ರಾವಕ, ಸೀವ್, ತೊಳೆಯುವ ನೀರು ಎಲ್ಲವನ್ನೂ ತೂಕಕ್ಕೆ ಹಾಕಲೇಬೇಕು.

ಬೇರೆ ದಾರಿಗಳೂ ಇವೆ. 2007ರಲ್ಲೇ ಡೇವಿಡ್ ಮಿಲ್‌ಸ್ಟೈನ್ ತಂಡ ಆಮ್ಲದ ಬದಲು ಆಲ್ಕೋಹಾಲ್‌ನಿಂದ ಶುರು ಮಾಡಿತು. ರುಥೇನಿಯಂ ಕ್ಯಾಟಲಿಸ್ಟ್ ಇದ್ದರೆ ಹೊರಬರುವುದು ಹೈಡ್ರೋಜನ್ ಅನಿಲ ಮಾತ್ರ. ಇನ್ನು ಕಿಣ್ವಗಳು. ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್‌ನ ಅಮೈಡ್ ಬಂಧವನ್ನು ಪೆನಿಸಿಲಿನ್ ಅಸೈಲೇಸ್ ಎಂಬ ಕಿಣ್ವ ನೀರಿನಲ್ಲೇ ಕಟ್ಟುತ್ತದೆ, ಕಾರ್ಖಾನೆಯ ಮಟ್ಟದಲ್ಲಿ.

ಪೆಪ್ಟೈಡ್ (ಅಮಿನೋ ಆಮ್ಲಗಳ ಸರಪಳಿ) ಮಾಡುವವರು ಮಾತ್ರ ಇನ್ನೂ ಹೆಚ್ಚಾಗಿ ಕಪಲಿಂಗ್ ರೀಏಜೆಂಟ್ ಬಿಟ್ಟಿಲ್ಲ. ಬಿಸಿ ಜಾಸ್ತಿಯಾದರೆ ಅಮಿನೋ ಆಮ್ಲದ ಎಡಗೈ ಬಲಗೈ ರೂಪಗಳು ಬೆರೆತುಹೋಗುತ್ತವೆ ಎಂಬ ಭಯ ಅವರಿಗಿದೆ, ಅದು ನ್ಯಾಯವೇ. ಅಂಥ ಕಡೆ ಟಿ3ಪಿ ಎಂಬ ಕಪಲಿಂಗ್ ರೀಏಜೆಂಟ್ ಹಾಕಿ, ಡಿಎಂಎಫ್ ಎಂಬ ದ್ರಾವಕದ ಬದಲು ಈಥೈಲ್ ಅಸಿಟೇಟ್ ಬಳಸಿ ನೋಡಬಹುದು. ಕಸ ಆಗುತ್ತದೆ, ಆದರೆ ನೀರಿನಲ್ಲಿ ಕರಗುವುದರಿಂದ ತೊಳೆದರೆ ಹೋಗುತ್ತದೆ.