ಪಕ್ಕದ ಮನೆ ಸಾಲ

ಎಲ್ರಿಗೂ ನಮಸ್ಕಾರ. ನಾನು ಹೆಗ್ಗಡದೇವನಕೋಟೆ ಕಡೆ ಒಂದು ಸರ್ಕಾರಿ ಶಾಲೇಲಿ ನಲಿ-ಕಲಿ ಟೀಚರು, ಅಂದ್ರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆ ಮಾಡ್ತಾ ಕಲಿಯೋ ಕ್ಲಾಸಿನ ಟೀಚರು. ಮಕ್ಕಳ ಸಿಟ್ಟು, ಅಳು, ಭಯ ಇವೆಲ್ಲ ಪಾಠದ ಜೊತೇನೇ ಹೇಗೆ ಬರುತ್ತೆ, ನಾವು ಟೀಚರ್‌ಗಳು ಅದನ್ನ ಏನ್ ಮಾಡ್ಬೇಕು ಅನ್ನೋದರ ಬಗ್ಗೆ ಇವತ್ತು ಮಾತಾಡ್ತೀನಿ. ಮೊದಲು ಒಂದು ಕಳೆಯೋ ಲೆಕ್ಕದಿಂದ ಶುರು ಮಾಡ್ತೀನಿ, ನಾನು ಕಲಿತಿದ್ದೇ ಅಲ್ಲಿಂದ.

52ರಲ್ಲಿ 27 ಕಳೀಬೇಕು. 2ರಲ್ಲಿ 7 ಹೋಗಲ್ಲ. ಆಗ ನಾವೆಲ್ಲ ಏನ್ ಹೇಳ್ತೀವಿ? ಪಕ್ಕದ ಮನೆಯಿಂದ ಸಾಲ ತಗೋ ಅಂತೀವಿ. ನಮ್ಮ ಮೇಷ್ಟ್ರು ನಮಗೆ ಹಂಗೇ ಹೇಳ್ಕೊಟ್ರು, ನಾನೂ ಎಷ್ಟೋ ವರ್ಷ ಹಂಗೇ ಹೇಳ್ಕೊಟ್ಟೆ. ಒಂದಿನ ಮೂರನೇ ಕ್ಲಾಸಿನ ಒಂದು ಹುಡುಗಿ, ಲೆಕ್ಕದಲ್ಲಿ ಚುರುಕಾಗಿರೋಳೇ, ಸ್ಲೇಟನ್ನ ಬೋರಲು ಹಾಕ್ಬಿಟ್ಟು ಅದರ ಮೇಲೆ ಎರಡೂ ಕೈ ಇಟ್ಕೊಂಡು ಕೂತ್ಕೊಂಡ್ಲು, ಬರೀ ಅಂದ್ರೆ ಬರೀತಿಲ್ಲ, ಯಾಕಮ್ಮ ಅಂದ್ರೆ ಮಾತಿಲ್ಲ, ನಾನು ಎರಡು ಸಲ ಕೇಳ್ದೆ, ಮೂರನೇ ಸಲ ಗದರಿಬಿಟ್ಟೆ. ಆಗ ಅವಳು ಪಕ್ಕದಲ್ಲಿ ಕೂತಿದ್ದ ಹುಡುಗನ ಸ್ಲೇಟು ಕಿತ್ಕೊಂಡು ಎಸೆದು, ನಾನು ಸಾಲ ತಗೊಳಲ್ಲ ಮಿಸ್ ಅಂತ ಜೋರಾಗಿ ಅಂದ್ಲು.

ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಪಕ್ಕ ಹೋಗಿ ಕೂತ್ಕೊಂಡೆ. ಮೆತ್ತಗೆ ಮಾತಾಡ್ಸಿದ ಮೇಲೆ ಗೊತ್ತಾಯ್ತು, ಹಿಂದಿನ ದಿನ ಸಂಜೆ ಸಂಘದ ಸಾಲದ ಕಂತು ಕೇಳೋಕೆ ಬಂದೋರು ಮನೆ ಮುಂದೆ ನಿಂತು ಕೂಗಾಡಿದ್ರಂತೆ, ಅಮ್ಮ ಒಳಗಿಂದ ಚಿಲಕ ಹಾಕ್ಕೊಂಡು ಇವಳ ಬಾಯಿ ಮುಚ್ಚಿ ಹಿಡ್ಕೊಂಡಿದ್ರಂತೆ. ಈ ಕಿರುಸಾಲದ ಕಾಟ ಎಷ್ಟಾಗಿತ್ತು ಅಂದ್ರೆ 2025ರ ಫೆಬ್ರವರಿಯಲ್ಲಿ ನಮ್ಮ ಸರ್ಕಾರ ಅದಕ್ಕೇಂತಲೇ ಸುಗ್ರೀವಾಜ್ಞೆ ತರಬೇಕಾಯ್ತು, ನಿಮಗೂ ನೆನಪಿರುತ್ತೆ. ಆ ಮಗೂಗೆ ಸಾಲ ಅಂದ್ರೆ ಬಾಗಿಲು ಬಡಿಯೋ ಸದ್ದು. ನಾನು ಅದೇ ಪದವನ್ನ ಬೋರ್ಡಿನ ಮುಂದೆ ನಿಂತು ಹತ್ತು ಸಲ ಹೇಳಿದ್ದೆ, ಮೇಲಿಂದ ಗದರಿದ್ದೆ ಬೇರೆ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರ್ಲಿಲ್ಲ.

ಆಮೇಲೆ ಕೂತು ಯೋಚನೆ ಮಾಡ್ದಾಗ ಇನ್ನೊಂದು ಹೊಳೀತು. ಆ ಲೆಕ್ಕದಲ್ಲಿ ಸಾಲ ಅನ್ನೋದೇ ಇಲ್ಲ. 52 ಅಂದ್ರೆ ಹತ್ತರ ಐದು ಕಟ್ಟು, ಬಿಡಿ ಎರಡು ಕಡ್ಡಿ. ಬಿಡಿ ಸಾಲ್ದೆ ಇದ್ದಾಗ ಒಂದು ಕಟ್ಟು ಬಿಚ್ತೀವಿ ಅಷ್ಟೆ, ಬಿಡಿ ಹನ್ನೆರಡಾಗುತ್ತೆ, ಕಟ್ಟು ನಾಲ್ಕಾಗುತ್ತೆ, ಒಟ್ಟು ಅದೇ 52. ಯಾರ ಹತ್ರಾನೂ ಏನೂ ಕೇಳಿಲ್ಲ, ಯಾರಿಗೂ ವಾಪಸ್ ಕೊಡೋದೂ ಇಲ್ಲ, ನಮ್ಮದನ್ನೇ ಬಿಚ್ಚಿ ಬಳಸ್ಕೊಂಡ್ವಿ. ಮಾರನೇ ದಿನ ತೆಂಗಿನ ಕಡ್ಡಿ ಮುರಿದು ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡ್ಕೊಂಡು ಹೋದೆ. ಆ ಹುಡುಗಿ ಕೈಗೇ ಕೊಟ್ಟು, ಕಟ್ಟು ಬಿಚ್ಚು ಅಂದೆ. ಬಿಚ್ಚಿದ್ಲು, ಎಣಿಸಿದ್ಲು, 25 ಅಂದ್ಲು. ಅಷ್ಟೊತ್ತಿಗೆ ಅವಳ ಭುಜ ಸ್ವಲ್ಪ ಸಡಿಲ ಆಗಿತ್ತು, ಅದು ನನ್ನ ಕಣ್ಣಿಗೆ ಕಾಣ್ತು. ಅವತ್ತಿಂದ ನಮ್ಮ ಕ್ಲಾಸಲ್ಲಿ ಸಾಲ ತಗೋ ಅನ್ನೋ ಮಾತಿಲ್ಲ, ಕಟ್ಟು ಬಿಚ್ಚು ಅಂತೀವಿ, ಮೊದಲು ತಪ್ಪು ಮಾಡ್ತಿದ್ದ ಬೇರೆ ಮಕ್ಕಳಿಗೂ ಲೆಕ್ಕ ಬೇಗ ಅರ್ಥ ಆಯ್ತು.

ಭಾವನೆ ಒಂದು ಕಡೆ, ಗಣಿತ ಇನ್ನೊಂದು ಕಡೆ ಅಂತ ಬೇರೆ ಬೇರೆ ಡಬ್ಬದಲ್ಲಿ ಇಡೋಕಾಗಲ್ಲ ಅಂತ ನಾನು ಹೇಳೋದು ಇದಕ್ಕೇ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ನರ್ಸರಿಯಿಂದ 8ನೇ ಕ್ಲಾಸ್ ತನಕ ಹ್ಯಾಪಿನೆಸ್ ಅಂತ ಪ್ರತ್ಯೇಕ ಪೀರಿಯಡ್ಡೇ ಶುರು ಮಾಡಿದ್ರು, ಕಣ್ಮುಚ್ಚಿ ಕೂರೋದು, ಕಥೆ, ಚಟುವಟಿಕೆ ಎಲ್ಲ ಇತ್ತು, ಒಳ್ಳೇ ಕೆಲಸಾನೇ. ಆದ್ರೆ ಸಿಟ್ಟು ಟೈಮ್‌ಟೇಬಲ್ ನೋಡ್ಕೊಂಡು ಬರಲ್ಲ, ಅದು ಗಣಿತದ ಪೀರಿಯಡ್ಡಲ್ಲೇ ಬರುತ್ತೆ, ಆಟದಲ್ಲಿ ಸೋತಾಗ ಬರುತ್ತೆ.

ನಲಿ-ಕಲಿ ಹುಟ್ಟಿದ್ದು ನಮ್ಮ ಕೋಟೆ ತಾಲ್ಲೂಕಲ್ಲೇ, 1995ರಲ್ಲಿ, ಇಲ್ಲಿನ ಟೀಚರ್‌ಗಳು ಆಂಧ್ರದ ರಿಷಿವ್ಯಾಲಿ ಸಂಸ್ಥೆಯ ಶಾಲೆಗಳಿಗೆ ಹೋಗಿ ನೋಡ್ಕೊಂಡು ಬಂದು ಶುರು ಮಾಡಿದ್ದು, ಇದನ್ನ ಹೇಳುವಾಗ ನನಗೆ ತುಂಬಾ ಹೆಮ್ಮೆ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕೂರ್ತಾರೆ, ಮಗು ತನ್ನ ಪಾಠದ ಕಾರ್ಡು ತಾನೇ ಹುಡುಕಿ ತಗೊಂಡು ತನ್ನ ವೇಗದಲ್ಲಿ ಕಲಿಕೆಯ ಏಣಿ, ಅಂದ್ರೆ ಪಾಠದ ಒಂದೊಂದೇ ಮೆಟ್ಟಿಲು ಹತ್ತುತ್ತೆ, ಗೊತ್ತಾಗದೆ ಇದ್ರೆ ಪಕ್ಕದ ಮಗೂನ ಕೇಳುತ್ತೆ. ಕೇಳೋಕೂ ಒಂದು ಧೈರ್ಯ ಬೇಕಲ್ವಾ. ಹೇಳ್ಕೊಡೋ ಮಗೂಗೂ ತಾಳ್ಮೆ ಬೇಕು.

ನಲಿ-ಕಲಿ ಕ್ಲಾಸಲ್ಲಿ ಹವಾಮಾನ ನಕ್ಷೆ ಇರುತ್ತೆ, ದಿನಾ ಬೆಳಿಗ್ಗೆ ಮಕ್ಕಳು ಬಿಸಿಲಾ ಮೋಡಾನಾ ಮಳೇನಾ ಅಂತ ನೋಡಿ ಗುರುತು ಹಾಕ್ತಾರೆ. ಅದರ ಪಕ್ಕ ನಾನು ಇನ್ನೊಂದು ಚಾರ್ಟ್ ಹಾಕ್ದೆ, ಮನಸ್ಸಿನ ಹವಾಮಾನ ಅಂತ. ಮೊದಮೊದಲು ಎಲ್ರೂ ಬಿಸಿಲು ಅಂತಲೇ ಹಾಕೋರು, ಇಲ್ಲಾಂದ್ರೆ ಬೇಜಾರು ಅನ್ನೋರು. ಏನೇ ಆದ್ರೂ ಬೇಜಾರು ಒಂದೇ ಪದ! ನಮ್ಮ ಕನ್ನಡದಲ್ಲಿ ಎಷ್ಟು ಪದ ಇದೆ ನೋಡಿ, ಸಿಟ್ಟು ಬೇರೆ, ಮುನಿಸು ಬೇರೆ, ದಿಗಿಲು ಬೇರೆ, ಕಸಿವಿಸಿ ಬೇರೆ, ಹೊಟ್ಟೆಕಿಚ್ಚು ಬೇರೆ, ಸಂಕಟ ಬೇರೆ. ವಾರಕ್ಕೆ ಒಂದು ಪದ ತಗೊಂಡ್ವಿ. ಮುನಿಸು ಯಾರ ಮೇಲೆ ಬರುತ್ತೆ ಅಂದಾಗ ಒಬ್ಬ ಹುಡುಗ, ನಮಗೆ ಬೇಕಾದೋರ ಮೇಲೆ ಮಾತ್ರ ಬರುತ್ತೆ ಮಿಸ್ ಅಂದ. ನಾನು ಅದನ್ನ ಯೋಚನೇನೇ ಮಾಡಿರ್ಲಿಲ್ಲ. ಇದು ಭಾಷೆ ಪಾಠಾನೂ ಹೌದು, ಮತ್ತೆ ಹೆಸರು ಗೊತ್ತಾದ ಮೇಲೆ ಮಗು ಹೊಡೆಯೋಕೆ ಮುಂಚೆ ಬಂದು ಹೇಳೋಕೆ ಶುರು ಮಾಡುತ್ತೆ, ಯಾವಾಗ್ಲೂ ಅಲ್ಲ, ಆದ್ರೂ ಹೇಳುತ್ತೆ.

ಅಳಿಗುಳಿಮಣೆನೂ ಇಟ್ಟಿದೀವಿ. ಒಂದೊಂದೇ ಹುಣಸೆಬೀಜ ಹಾಕ್ಕೊಂಡು ಹೋಗ್ಬೇಕು, ಎದುರಿನೋರ ಸರದಿ ಮುಗಿಯೋ ತನಕ ಕೈ ಕಟ್ಕೊಂಡು ಕಾಯ್ಬೇಕು, ಸೋತ್ರೆ ಮಣೆ ತಳ್ಳೋ ಹಂಗಿಲ್ಲ. ಎಣಿಕೆ ಬರುತ್ತೆ, ಕಾಯೋದೂ ಬರುತ್ತೆ.

ದೊಡ್ಡ ಮಕ್ಕಳ ವಿಷಯಕ್ಕೆ ಬಂದ್ರೆ ವಿಶ್ವ ಆರೋಗ್ಯ ಸಂಸ್ಥೆಯೋರು ನಿರ್ಧಾರ ತಗೊಳೋದು, ಒತ್ತಡ ನಿಭಾಯಿಸೋದು ಇಂಥ 10 ಜೀವನ ಕೌಶಲ ಪಟ್ಟಿ ಮಾಡಿದ್ದಾರೆ, ಅದನ್ನಿಟ್ಕೊಂಡು ಬೆಂಗಳೂರಿನ ನಿಮ್ಹಾನ್ಸ್‌ನೋರು ದಕ್ಷಿಣ ಕರ್ನಾಟಕದ ಹೈಸ್ಕೂಲುಗಳಲ್ಲಿ ಟೀಚರ್‌ಗಳಿಗೇ ಟ್ರೈನಿಂಗ್ ಕೊಟ್ಟು ಪಾಠ ಮಾಡ್ಸಿದ್ರು. 2010ರಲ್ಲಿ ಅದರ ಫಲಿತಾಂಶ ಪ್ರಕಟ ಆಯ್ತು, ಆ ಪಾಠ ಕಲಿತ ಮಕ್ಕಳಲ್ಲಿ ಆತ್ಮಗೌರವ, ಕಷ್ಟ ನಿಭಾಯಿಸ್ತೀನಿ ಅನ್ನೋ ನಂಬಿಕೆ, ಟೀಚರ್‌ಗಳ ಜೊತೆ ಹೊಂದಾಣಿಕೆ ಜಾಸ್ತಿ ಇತ್ತು. ಆದ್ರೆ ಮನೆಯೋರ ಜೊತೆ, ಓರಗೆಯೋರ ಜೊತೆ ಹೊಂದಾಣಿಕೇಲಿ ವ್ಯತ್ಯಾಸ ಕಂಡಿರ್ಲಿಲ್ಲ. ಅದನ್ನ ಓದ್ದಾಗ ನನಗೆ ಮತ್ತೆ ಆ ಚಿಲಕ ಹಾಕಿದ ಬಾಗಿಲೇ ನೆನಪಾಯ್ತು. ಮನೆ ಕಷ್ಟ ಕ್ಲಾಸ್‌ರೂಮಿಂದ ತೀರಲ್ಲ, ಮಗೂನ ಉಸಿರು ಎಣಿಸು ಅಂತ ಕೂರಿಸಿಬಿಟ್ರೆ ಕಂತು ಕಟ್ಟಿದ ಹಾಗಾಗಲ್ಲ. ಮಗು ತುಂಬಾ ಮಂಕಾಗಿದ್ರೆ, ಊಟ ಬಿಟ್ರೆ, ಯಾರಾದ್ರೂ ಹಿಂಸೆ ಕೊಡ್ತಿದಾರೆ ಅನ್ನಿಸಿದ್ರೆ ಸುಮ್ನಿರಬೇಡಿ, ಮಕ್ಕಳ ಸಹಾಯವಾಣಿ 1098, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಎರಡಕ್ಕೂ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು.

ಕೊನೆಗೆ ನಮ್ಮ ಮೆಟ್ರಿಕ್ ಮೇಳದ ದಿನದ್ದು ಹೇಳಿ ಮುಗಿಸ್ತೀನಿ. ಶಾಲೆ ಅಂಗಳದಲ್ಲಿ ಮಕ್ಕಳೇ ಗೋಣಿಚೀಲ ಹಾಸ್ಕೊಂಡು ಸಂತೆ ಮಾಡ್ತಾರಲ್ಲ, ತೂಕ, ದುಡ್ಡು, ಚಿಲ್ಲರೆ ಎಲ್ಲ ಅಲ್ಲೇ ಕಲಿಯೋದು. ಆ ಹುಡುಗಿ ದಂಟಿನಸೊಪ್ಪು, ಕೊತ್ತಂಬರಿ ತಂದಿದ್ಲು, ಒಂದು ಕಟ್ಟಿಗೆ 10 ರೂಪಾಯಿ. ಊರಿನ ಒಬ್ರು ಅಜ್ಜಿ ಬಂದು, 5 ರೂಪಾಯಿ ಐತೆ ಕೂಸೇ, ಉಳಿದಿದ್ದು ನಾಳೆ ಕೊಡ್ತೀನಿ, ಕಡ ಬರ್ಕೋ ಅಂದ್ರು. ನಾನು ಸ್ವಲ್ಪ ದೂರದಲ್ಲೇ ನಿಂತಿದ್ದೆ, ಹೋಗ್ಲಾ ಬೇಡ್ವಾ ಅಂತ. ಅವಳು ಮುಖ ಕೆಳಗೆ ಹಾಕಿ ಸೊಪ್ಪನ್ನೇ ನೋಡ್ತಾ ಒಂದು ಗಳಿಗೆ ಸುಮ್ನಿದ್ಲು. ಆಮೇಲೆ ಕಟ್ಟಿನ ಬಾಳೆನಾರು ಬಿಚ್ಚಿ, ಸೊಪ್ಪನ್ನ ಎರಡು ಪಾಲು ಮಾಡಿ, ಒಂದು ಪಾಲು ಅಜ್ಜಿ ಕೈಗಿಟ್ಟು, 5 ರೂಪಾಯಿಗೆ ಇಷ್ಟು ಅಜ್ಜಿ, ಕಡ ಬೇಡ ಅಂದ್ಲು. ಅಜ್ಜಿ ಅವಳ ತಲೆ ಸವರಿ ಹೋದ್ರು. ಉಳಿದರ್ಧ ಕಟ್ಟನ್ನ ಯಾರೂ ತಗೊಳ್ಲಿಲ್ಲ, ಮಧ್ಯಾಹ್ನ ನಮ್ಮ ಅಡುಗೆಯೋರಿಗೆ ತಂದು ಕೊಟ್ಲು, ಸಾಂಬಾರಿಗೆ ಹಾಕಿದ್ರು.